ಮನೆಯಿಂದ ಹಾಸ್ಟೆಲಿಗೆ: ಶಿವಮೊಗ್ಗಕ್ಕೆ ಓದಲು ಹೊರಟ ಮಲೆನಾಡಿನ ಮಕ್ಕಳಿಗೆ

ಬೆಳಗ್ಗೆ ಎದ್ದು ಬಚ್ಚಲಿಗೆ ಹೋದರೆ ಹಂಡೆಯಲ್ಲಿ ನೀರು ಕಾದಿರುತ್ತದೆ. ಒಲೆಗೆ ಸೋಗೆ ತುಂಬಿ ಬೆಂಕಿ ಹಾಕಿದವರು ಯಾರು ಅಂತ ನಾವು ಕೇಳುವುದೇ ಇಲ್ಲ. ಮಳೆಗಾಲದಲ್ಲಿ ಒದ್ದೆ ಯೂನಿಫಾರ್ಮ್ ರಾತ್ರಿಯೆಲ್ಲ ಒಲೆ ಮೇಲಿನ ಅಟ್ಟದಲ್ಲಿ ಒಣಗಿ, ಬೆಳಗ್ಗೆ ಹೊಗೆ ವಾಸನೆಯ ಸಮೇತ ಕೈಗೆ ಬರುತ್ತದೆ. ಸಂಜೆ ಬಸ್ಸು ತಡವಾದರೆ ತಟ್ಟೆ ಮುಚ್ಚಿಟ್ಟಿರುತ್ತಾರೆ. ಹದಿನೆಂಟು ವರ್ಷ ಹೀಗೇ ಬೆಳೆದು, ಒಂದು ದಿನ ಹಾಸಿಗೆ, ಬಕೆಟ್ಟು ಹಿಡಿದುಕೊಂಡು ಬಸ್ಸು ಹತ್ತುತ್ತೇವೆ.

ನಾನು ಹೊಸನಗರ ತಾಲ್ಲೂಕಿನ ಹಳ್ಳಿಯವಳು. ಮೂರು ವರ್ಷ ಶಿವಮೊಗ್ಗದಲ್ಲಿ ಪದವಿ, ಆಮೇಲೆ ಎರಡು ವರ್ಷ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎ. ಒಟ್ಟು ಐದು ವರ್ಷ ಹಾಸ್ಟೆಲಿನಲ್ಲಿದ್ದೆ. ಈ ವರ್ಷ ಅಣ್ಣನ ಮಗಳು ಶಿವಮೊಗ್ಗಕ್ಕೆ ಹೊರಟಿದ್ದಾಳೆ. ಅವಳನ್ನು ಕೂರಿಸಿಕೊಂಡು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಹೇಳಬೇಕಾದ್ದು ಇದು. ಮನೆಯಲ್ಲಿ ಮುಖ ನೋಡಿದರೇ ಅಮ್ಮನಿಗೆ ಗೊತ್ತಾಗುತ್ತದೆ. ಹಸಿವು, ಜ್ವರ, ಬೇಜಾರು, ಯಾವುದನ್ನೂ ಹೇಳಬೇಕಾಗಿಲ್ಲ. ಹಾಸ್ಟೆಲಿನಲ್ಲಿ ಬಾಯಿಬಿಟ್ಟು ಹೇಳಬೇಕು, ಬಾಯಿಬಿಟ್ಟು ಕೇಳಬೇಕು. ನಮ್ಮ ಕಡೆಯ ಮಕ್ಕಳಿಗೆ ಕಷ್ಟವಾಗುವುದು ಇಲ್ಲೇ. ಸಂಕೋಚ ಜಾಸ್ತಿ. ಕೆಳಗೆ ಬರೆದ ಪ್ರತಿಯೊಂದು ಹಂತದಲ್ಲೂ ಈ ಮಾತು ಮತ್ತೆ ಮತ್ತೆ ಬರುತ್ತದೆ.

1. ಸೀಟು ಸಿಕ್ಕ ಕೂಡಲೇ: ಕಾಗದಪತ್ರ

ಕಾಲೇಜಿನ ಸೀಟು ಸಿಕ್ಕಿತು ಅಂದರೆ ಹಾಸ್ಟೆಲ್ ಸಿಕ್ಕಿತು ಅಂತಲ್ಲ. ಎರಡಕ್ಕೂ ಬೇರೆ ಬೇರೆ ಅರ್ಜಿ. ಹಿಂದುಳಿದ ವರ್ಗಗಳ ಇಲಾಖೆ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಿಗೆ ಆನ್‌ಲೈನಿನಲ್ಲೇ ಅರ್ಜಿ ಹಾಕಬೇಕು. ಜಾತಿ, ಆದಾಯ ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಆರ್‌ಡಿ ಸಂಖ್ಯೆ ಕೇಳುತ್ತದೆ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯಾ ಅಂತ ಈಗಲೇ ನೋಡಿಕೊಳ್ಳಿ. ಮುಗಿದಿದ್ದರೆ ನಾಡಕಚೇರಿಗೆ ಹೋಗಿ ಹೊಸದು ಮಾಡಿಸಿ. ಮಳೆ ಜೋರಾದ ಮೇಲೆ ಕರೆಂಟಿಲ್ಲ, ಸರ್ವರ್ ಇಲ್ಲ ಅಂತ ಮೂರು ಸಲ ಓಡಾಡಬೇಕಾಗುತ್ತದೆ.

ವಿದ್ಯಾರ್ಥಿಯ ಹೆಸರಿನಲ್ಲೇ ಬ್ಯಾಂಕ್ ಖಾತೆ ಇರಬೇಕು, ಅದಕ್ಕೆ ಆಧಾರ್ ಜೋಡಣೆಯಾಗಿರಬೇಕು. ವಿದ್ಯಾರ್ಥಿವೇತನದ ದುಡ್ಡು ಬರುವುದು ಆಧಾರ್ ಜೋಡಿಸಿದ ಖಾತೆಗೆ. ಸರ್ಕಾರಿ ಹಾಸ್ಟೆಲ್ ಸಿಗದೆ ಹೋದರೂ ಕೈ ಬಿಡಬೇಡಿ. ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆ ನೆರವು ಕೊಡುವ ವಿದ್ಯಾಸಿರಿ ಯೋಜನೆ ಇದೆ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕುವಾಗಲೇ ಅದರ ಬಗ್ಗೆ ಕಾಲೇಜು ಕಚೇರಿಯಲ್ಲಿ ವಿಚಾರಿಸಿ. ವಿಚಾರಿಸದವರಿಗೆ ಯಾರೂ ತಾವಾಗಿ ಬಂದು ಹೇಳುವುದಿಲ್ಲ.

ಆಧಾರ್, ಅಂಕಪಟ್ಟಿ, ಜಾತಿ-ಆದಾಯ ಪತ್ರ, ಎಲ್ಲದರ ನಾಲ್ಕು ನಾಲ್ಕು ಜೆರಾಕ್ಸ್, ಹತ್ತು ಪಾಸ್‌ಪೋರ್ಟ್ ಫೋಟೋ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿಡಿ. ಪ್ಲಾಸ್ಟಿಕ್ಕೇ ಆಗಬೇಕು, ರಟ್ಟಿನ ಫೈಲು ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ.

2. ಹೊರಡುವ ಒಂದು ತಿಂಗಳ ಮೊದಲು: ಮನೆಯಲ್ಲೇ ಅಭ್ಯಾಸ

ಇದನ್ನು ಯಾರೂ ಮಾಡುವುದಿಲ್ಲ. ಮಾಡಿದವರಿಗೆ ಮೊದಲ ತಿಂಗಳು ಅರ್ಧ ಹಗುರ.

ನಿಮ್ಮ ಬಟ್ಟೆ ನೀವೇ ಒಗೆಯಿರಿ. ಬಚ್ಚಲ ಒಲೆಗೆ ನೀವೇ ಬೆಂಕಿ ಹಾಕಿ. ಅಲಾರಾಂ ಇಟ್ಟು ನೀವೇ ಏಳಿ, ಯಾರೂ ಎಬ್ಬಿಸಬೇಡಿ ಅಂತ ಮನೆಯಲ್ಲಿ ಹೇಳಿಬಿಡಿ. ಗುಂಡಿ ಹಾಕುವುದು, ಹರಿದ ಬಟ್ಟೆಗೆ ನಾಲ್ಕು ಹೊಲಿಗೆ ಹಾಕುವುದು ಕಲಿಯಿರಿ. ಇದು ಹುಡುಗರಿಗೂ ಹೇಳುವ ಮಾತು. ನಮ್ಮ ಕಡೆ ಹುಡುಗರು ತೋಟದ ಕೆಲಸ ಎಲ್ಲ ಮಾಡುತ್ತಾರೆ, ಬಟ್ಟೆ ಒಗೆಯುವುದು ಮಾತ್ರ ಅಮ್ಮನ ಪಾಲು. ಹಾಸ್ಟೆಲಿನಲ್ಲಿ ಮೊದಲು ಕಂಗಾಲಾಗುವವರು ಅವರೇ.

ಒಂದು ದಿನ ಒಬ್ಬರೇ ಪೇಟೆಗೆ ಹೋಗಿ ಬ್ಯಾಂಕಿನಲ್ಲಿ ಚಲನ್ ತುಂಬಿ, ಎಟಿಎಮ್ಮಿನಿಂದ ದುಡ್ಡು ತೆಗೆದು ಬನ್ನಿ. ಅಪ್ಪ ಜೊತೆಗಿರುವುದು ಬೇಡ. ಕೌಂಟರಿನಲ್ಲಿ ನಿಂತು ನಮ್ಮ ಕೆಲಸ ನಾವೇ ಹೇಳಿಕೊಳ್ಳುವುದನ್ನು ಮನೆಯ ಹತ್ತಿರದಲ್ಲೇ ಕಲಿತರೆ ಶಿವಮೊಗ್ಗದಲ್ಲಿ ಗಂಟಲು ಕಟ್ಟುವುದಿಲ್ಲ.

3. ಏನು ಒಯ್ಯಬೇಕು

ಕಡಿಮೆ ಒಯ್ಯಿರಿ. ಒಂದು ಮಂಚ, ಒಂದು ಕಪಾಟಿನ ಅರ್ಧ, ಮಂಚದ ಕೆಳಗೆ ಒಂದಿಷ್ಟು ಜಾಗ. ಅಷ್ಟೇ ನಿಮ್ಮದು. ಎಷ್ಟೋ ಮಕ್ಕಳು ಮೊದಲ ರಜಕ್ಕೆ ಅರ್ಧ ಸಾಮಾನು ವಾಪಸ್ ತರುತ್ತಾರೆ.

ಮರೆಯಬಾರದ್ದು ಇವು: ಒಳ್ಳೆಯ ಬೀಗ ಒಂದು, ಕೀಲಿ ಎರಡು. ಒಂದು ಕೀಲಿಯನ್ನು ಕಪಾಟಿನ ಒಳಗಿಟ್ಟು ಬೀಗ ಹಾಕಿದವರನ್ನು ನೋಡಿದ್ದೇನೆ, ಎರಡನೆಯದು ನಂಬಿಕೆಯ ಗೆಳತಿಯ ಹತ್ತಿರ ಇರಲಿ. ಬಕೆಟ್ಟು, ಚೊಂಬು. ಸೊಳ್ಳೆ ಪರದೆ. ಟಾರ್ಚು. ಎಂಟು ಮೀಟರ್ ನೈಲಾನ್ ಹಗ್ಗ, ಎರಡು ಡಜನ್ ಕ್ಲಿಪ್ಪು. ತೆಳು ಹೊದಿಕೆ ಒಂದು, ದಪ್ಪದ್ದು ಒಂದು. ಶಿವಮೊಗ್ಗ ಮಲೆನಾಡಿನ ಅಂಚಿನ ಊರು. ನಮ್ಮ ಘಟ್ಟದ ಕಡೆಯಷ್ಟು ಮಳೆ ಅಲ್ಲಿಲ್ಲ, ಆದರೆ ಮಾರ್ಚ್, ಏಪ್ರಿಲಿನ ಸೆಕೆ ನಮಗೆ ಹೊಸದು. ಹತ್ತಿ ಬಟ್ಟೆಯೇ ಇರಲಿ.

ಬಕೆಟ್ಟಿನ ಮೇಲೆ ಹೆಸರು ಬರೆಯಿರಿ. ನನ್ನದು ನೀಲಿ ಬಕೆಟ್ಟು. ಹೆಸರು ಬರೆದಿರಲಿಲ್ಲ. ಮೊದಲ ವಾರದಲ್ಲೇ ಬಾತ್‌ರೂಮಿನ ಮುಂದೆ ಅಂಥದೇ ಏಳು ನೀಲಿ ಬಕೆಟ್ಟು ಸಾಲಾಗಿ ನಿಂತಿದ್ದವು, ನನ್ನದು ಯಾವುದು ಅಂತ ಕೇಳಲು ನಾಚಿಕೆಯಾಗಿ ಎರಡು ದಿನ ಚೊಂಬಿನಲ್ಲೇ ಸ್ನಾನ ಮುಗಿಸಿದೆ. ಕೊನೆಗೆ ರಾಣೆಬೆನ್ನೂರಿನ ಹುಡುಗಿಯೊಬ್ಬಳು ತನ್ನ ನೇಲ್ ಪಾಲಿಶ್ ಕೊಟ್ಟು, "ಇದ್ರಾಗ ಬರಿ, ನೀರಿಗೆ ಹೋಗಂಗಿಲ್ಲ" ಅಂದಳು. ನಿಜ. ಐದು ವರ್ಷವಾದರೂ ಆ ಹೆಸರು ಅಳಿಸಲಿಲ್ಲ. ಮಾರ್ಕರ್ ಪೆನ್ನಿಗಿಂತ ನೇಲ್ ಪಾಲಿಶ್ ಒಳ್ಳೆಯದು.

ಉಪ್ಪಿನಕಾಯಿ ಒಯ್ಯದೇ ಇರುವವರಿಲ್ಲ. ಅಪ್ಪೆಮಿಡಿಯ ಜಾಡಿಯನ್ನೇ ಕೊಟ್ಟು ಕಳಿಸುವ ಅಜ್ಜಿಯಂದಿರಿದ್ದಾರೆ. ದೊಡ್ಡ ಜಾಡಿ ಬೇಡ. ಹತ್ತು ಕೈ, ಹತ್ತು ಒದ್ದೆ ಚಮಚ, ಹದಿನೈದು ದಿನಕ್ಕೆ ಮೇಲೆ ಬಿಳಿ ಬೂಸಲು. ಚಿಕ್ಕ ಬಾಟಲಿಯಲ್ಲಿ ಒಂದು ತಿಂಗಳಿಗೆ ಆಗುವಷ್ಟು ಸಾಕು. ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು ತಿರುಗಿಸಿ, ಮೇಲೆ ಬಟ್ಟೆ ಕಟ್ಟಿ, ನೇರವಾಗಿ ಕೂರುವ ಹಾಗೆ ಚೀಲದ ಮೂಲೆಯಲ್ಲಿಡಿ. ಪುಸ್ತಕದ ಚೀಲದಲ್ಲಿ ಇಡಲೇಬೇಡಿ. ಘಟ್ಟದ ತಿರುವುಗಳಲ್ಲಿ ಬಸ್ಸು ವಾಲುವಾಗ ಎಣ್ಣೆ ಹೊರಗೆ ಬಂದೇ ಬರುತ್ತದೆ. ಹಲಸಿನ ಹಪ್ಪಳ ಕರಿದೇ ಡಬ್ಬಿಗೆ ಹಾಕಿ, ಹಾಸ್ಟೆಲಿನಲ್ಲಿ ಒಲೆ ಸಿಗುವುದಿಲ್ಲ.

4. ಮೊದಲ ದಿನ, ಮೊದಲ ವಾರ

ಬೆಳಗ್ಗೆಯ ಹೊತ್ತಿಗೆ ತಲುಪಿ. ಆಯ್ಕೆಯಿದ್ದರೆ ಬಾಗಿಲ ಪಕ್ಕದ ಮಂಚ ಬಿಟ್ಟು ಕಿಟಕಿ ಪಕ್ಕದ್ದು ಹಿಡಿಯಿರಿ. ಆದರೆ ಮಳೆಗಾಲದಲ್ಲಿ ಎರಚಲು ಹೊಡೆಯುತ್ತದಾ ಅಂತ ಗೋಡೆಯ ಕಲೆ ನೋಡಿ ತಿಳಿದುಕೊಳ್ಳಿ. ಅಪ್ಪ ಅಮ್ಮ ವಾಪಸ್ ಹೊರಡುವ ಮೊದಲೇ ವಾರ್ಡನ್ನರ ನಂಬರು, ಗೇಟು ಮುಚ್ಚುವ ಹೊತ್ತು, ಊಟದ ಹೊತ್ತು, ರಜೆ ಚೀಟಿ ಬರೆಯುವ ರೀತಿ, ಇವಿಷ್ಟನ್ನು ಕೇಳಿ ಬರೆದುಕೊಳ್ಳಿ.

ಮೊದಲ ರಾತ್ರಿ ನಿದ್ದೆ ಬರುವುದಿಲ್ಲ. ಊರಿನಲ್ಲಿ ಜೀರುಂಡೆ, ಮಳೆ, ಹಂಚಿನ ಮೇಲೆ ಬೀಳುವ ಹನಿ. ಇಲ್ಲಿ ಫ್ಯಾನಿನ ಸದ್ದು, ಟ್ಯೂಬ್‌ಲೈಟು, ಯಾರದೋ ಫೋನು. ಅಳು ಬಂದರೆ ಅತ್ತುಬಿಡಿ. ಪಕ್ಕದ ಮಂಚದವಳೂ ಅಳುತ್ತಿರುತ್ತಾಳೆ, ಕತ್ತಲಲ್ಲಿ ನಿಮಗೆ ಕಾಣುವುದಿಲ್ಲ ಅಷ್ಟೇ. ಮೊದಲ ಮೂರು ವಾರ ಮನೆಗೆ ಹೋಗದೆ ಇರುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಪ್ರತಿ ಶನಿವಾರ ಬಸ್ಸು ಹತ್ತುವವರಿಗೆ ಹಾಸ್ಟೆಲ್ ಎಂದೂ ಒಗ್ಗುವುದಿಲ್ಲ.

ಇನ್ನೊಂದು ವಿಷಯದಲ್ಲಿ ಮಾತ್ರ ಹೊಂದಿಕೊಳ್ಳಲೇಬಾರದು. ಸೀನಿಯರುಗಳು ಹೆಸರು, ಊರು ಕೇಳುವುದು ಸರಿ. ಕುಣಿ, ಹಾಡು, ನಮ್ಮ ಬಟ್ಟೆ ಒಗಿ, ದುಡ್ಡು ಕೊಡು ಅನ್ನಲು ಶುರು ಮಾಡಿದರೆ ಅದು ರ‍್ಯಾಗಿಂಗ್. ಅದು ಅಪರಾಧ. ವಾರ್ಡನ್ನರಿಗೆ ಹೇಳಿ, ಕಾಲೇಜಿನ ರ‍್ಯಾಗಿಂಗ್ ತಡೆ ಸಮಿತಿಗೆ ಹೇಳಿ. ರಾಷ್ಟ್ರೀಯ ಸಹಾಯವಾಣಿ 1800-180-5522, ದಿನದ 24 ಗಂಟೆಯೂ ಇರುತ್ತದೆ, ಉಚಿತ. ಈ ನಂಬರನ್ನು ಈಗಲೇ ಫೋನಿನಲ್ಲಿ ಹಾಕಿಕೊಳ್ಳಿ.

5. ರೂಮಿನವರು

ಮನೆಯಲ್ಲಿ ಜಗಳವಾಡಿದರೂ ಊಟಕ್ಕೆ ಎಲ್ಲರೂ ಒಟ್ಟಿಗೇ ಕೂರುತ್ತೇವೆ, ಅಲ್ಲಿಗೆ ಮುಗಿಯಿತು. ರೂಮಿನಲ್ಲಿ ಹಾಗಾಗುವುದಿಲ್ಲ. ಹೇಳದೆ ಉಳಿದ ಚಿಕ್ಕ ಸಿಟ್ಟು ತಿಂಗಳಾನುಗಟ್ಟಲೆ ಬೆಳೆಯುತ್ತದೆ. ಅದಕ್ಕೇ ಮೊದಲ ವಾರದಲ್ಲೇ ಕೂತು ಮಾತಾಡಿಕೊಳ್ಳಿ. ರಾತ್ರಿ ಲೈಟು ಎಷ್ಟು ಹೊತ್ತಿಗೆ ಆರಿಸುವುದು? ಯಾರು ಯಾವ ದಿನ ಗುಡಿಸುವುದು? ಫೋನಿನಲ್ಲಿ ಮಾತಾಡಲು ಹೊರಗೆ ಹೋಗುವುದಾ? ಒಬ್ಬರ ವಸ್ತು ಇನ್ನೊಬ್ಬರು ಕೇಳದೆ ತೆಗೆದುಕೊಳ್ಳಬಹುದಾ? ಈ ನಾಲ್ಕು ಇತ್ಯರ್ಥವಾದರೆ ಮುಕ್ಕಾಲು ಜಗಳ ಹುಟ್ಟುವುದೇ ಇಲ್ಲ.

ನನ್ನ ರೂಮಿನಲ್ಲಿ ನಾಲ್ಕು ಜನ. ಒಬ್ಬಳು ಚನ್ನಗಿರಿ, ಒಬ್ಬಳು ರಾಣೆಬೆನ್ನೂರು, ಒಬ್ಬಳು ಸೊರಬ, ನಾನು. ನಾಲ್ಕೂ ಕನ್ನಡ ಬೇರೆ. ನಾನು ಎಂದೂ ತಿನ್ನದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ರಾಣೆಬೆನ್ನೂರಿನವಳ ಡಬ್ಬಿಯಲ್ಲಿ. ಅವಳು ಎಂದೂ ನೋಡದ ಪತ್ರೊಡೆ ನನ್ನ ಡಬ್ಬಿಯಲ್ಲಿ. ಕೆಸುವಿನ ಎಲೆ ಅಂದಾಗ ಅವಳು ಗಂಟಲು ತುರಿಸುತ್ತದೆ ಅಂತ ಹೆದರಿದ್ದಳು. ಒಂದು ತುಂಡು ತಿಂದ ಮೇಲೆ ನನಗೆ ಎರಡೇ ಉಳಿಯಿತು. ಜಾತಿ ಯಾವುದು, ಮನೆಯಲ್ಲಿ ಎಷ್ಟು ಎಕರೆ ತೋಟ ಅಂತ ಮಾತ್ರ ಯಾರನ್ನೂ ಕೇಳಬೇಡಿ. ಕೂಲಿ ಮಾಡಿ ಓದಿಸುವ ಮನೆಯಿಂದ ಬಂದವರು ನಿಮ್ಮ ಪಕ್ಕದ ಮಂಚದಲ್ಲೇ ಇರುತ್ತಾರೆ.

6. ಊಟ

ಮೆಸ್ಸಿನ ಊಟದ ಬಗ್ಗೆ ದೂರು ಎಲ್ಲ ಕಾಲದಲ್ಲೂ ಇದ್ದಿದ್ದೇ. ನಿಜವಾಗಿ ಹುಷಾರಾಗಿರಬೇಕಾದ್ದು ಬೆಳಗಿನ ತಿಂಡಿಯಲ್ಲಿ. ತಡವಾಗಿ ಎದ್ದು ತಿಂಡಿ ಬಿಟ್ಟು ಕ್ಲಾಸಿಗೆ ಓಡುವುದು ಎರಡನೇ ವಾರದಿಂದ ಅಭ್ಯಾಸವಾಗಿಬಿಡುತ್ತದೆ. ಆಮೇಲೆ ಹನ್ನೊಂದು ಗಂಟೆಗೆ ಕ್ಯಾಂಟೀನಿನ ಪಫ್ಸು. ತಲೆನೋವು, ಹೊಟ್ಟೆಯುರಿ ಎಲ್ಲ ಅಲ್ಲಿಂದಲೇ ಶುರು.

ಮುದ್ದೆ ಮಾಡಿದ ದಿನ ನಮ್ಮ ಕಡೆಯವರು ಅನ್ನ ಮಾತ್ರ ತಿಂದು ಏಳುತ್ತಾರೆ. ಕಲಿತುಕೊಳ್ಳಿ. ಅಗಿಯದೆ, ಸಾರಿನಲ್ಲಿ ಅದ್ದಿ ನುಂಗಬೇಕು. ಬಯಲುಸೀಮೆಯ ಗೆಳತಿಯರನ್ನು ಕೇಳಿದರೆ ಖುಷಿಯಿಂದ ಕಲಿಸುತ್ತಾರೆ. ಸಾಂಬಾರು ಹೊಟ್ಟೆಗೆ ಖಾರ ಅನ್ನಿಸಿದರೆ ಮೊಸರು ಕೊಂಡು ತನ್ನಿ. ಮನೆಯ ತಂಬುಳಿ ನೆನಪಾಗುವವರಿಗೆ ಒಂದು ಉಪಾಯ: ನೆಲ್ಲಿಚೆಟ್ಟನ್ನು, ಅಂದರೆ ಒಣಗಿಸಿದ ನೆಲ್ಲಿಕಾಯಿಯನ್ನು, ಜೀರಿಗೆ, ಮೆಣಸಿನ ಜೊತೆ ಪುಡಿ ಮಾಡಿಸಿ ಒಯ್ಯಿರಿ. ಮೊಸರಿಗೆ ಒಂದು ಚಮಚ, ಚಿಟಿಕೆ ಉಪ್ಪು ಹಾಕಿ ಕಲಸಿದರೆ ಅನ್ನಕ್ಕೆ ಸಾಕು.

7. ನೀರು, ಬಟ್ಟೆ

ಎಷ್ಟೋ ಹಾಸ್ಟೆಲುಗಳಲ್ಲಿ ಬಿಸಿನೀರು ಸೋಲಾರಿನದು. ಮೊದಲು ಎದ್ದವರಿಗೆ ಬಿಸಿ, ಆಮೇಲಿನವರಿಗೆ ತಣ್ಣೀರು. ಮೋಡ ಕವಿದ ದಿನ ಎಲ್ಲರಿಗೂ ತಣ್ಣೀರೇ. ನಾನು ಸ್ನಾನವನ್ನು ಸಂಜೆಗೆ ಬದಲಾಯಿಸಿಕೊಂಡೆ. ಆ ಹೊತ್ತಿಗೆ ಸಾಲೂ ಇರುವುದಿಲ್ಲ, ಬಿಸಿಲಿದ್ದ ದಿನ ನೀರೂ ಬಿಸಿ ಇರುತ್ತದೆ.

ಬಟ್ಟೆಯನ್ನು ಭಾನುವಾರಕ್ಕೆ ಅಂತ ಕೂಡಿಡಬೇಡಿ. ಭಾನುವಾರ ಎಲ್ಲರೂ ಒಗೆಯುತ್ತಾರೆ, ಹಗ್ಗದಲ್ಲಿ ಜಾಗ ಇರುವುದಿಲ್ಲ. ದಿನಾ ಎರಡು ಬಟ್ಟೆ ಒಗೆದರೆ ಹತ್ತು ನಿಮಿಷದ ಕೆಲಸ. ಆಷಾಢದ ಮಳೆಯಲ್ಲಿ ಜೀನ್ಸ್ ಒಗೆಯಲೇಬೇಡಿ, ಮೂರು ದಿನಕ್ಕೂ ಒಣಗುವುದಿಲ್ಲ. ಅಟ್ಟ, ಒಲೆ ಇಲ್ಲದ ಜಾಗದಲ್ಲಿ ಮಳೆಗಾಲದ ಬಟ್ಟೆ ಒಣಗಿಸುವ ಕ್ರಮ ಹೀಗೆ. ಮೊದಲು ಚೆನ್ನಾಗಿ ಹಿಂಡಿ. ಆಮೇಲೆ ಒಣ ಟವೆಲಿನ ಮೇಲೆ ಹಾಸಿ, ಚಾಪೆ ಸುತ್ತಿದ ಹಾಗೆ ಸುತ್ತಿ, ಅದರ ಮೇಲೆ ಮೊಣಕಾಲೂರಿ ಒತ್ತಿ. ಟವೆಲು ನೀರನ್ನೆಲ್ಲ ಎಳೆದುಕೊಳ್ಳುತ್ತದೆ. ಆಮೇಲೆ ಫ್ಯಾನಿನ ಕೆಳಗೆ ಹಗ್ಗಕ್ಕೆ ಒಂದಕ್ಕೊಂದು ತಾಗದ ಹಾಗೆ ಹಾಕಿ. ಅರೆ ಒದ್ದೆ ಬಟ್ಟೆಯನ್ನು ಕಪಾಟಿಗೆ ತುಂಬಬೇಡಿ, ಉಳಿದವೂ ಹಾಳಾಗುತ್ತವೆ.

8. ದುಡ್ಡು

ಮನೆಯಲ್ಲಿ ಅಡಿಕೆ ಮಾರಿದಾಗ ದುಡ್ಡು ಬರುತ್ತದೆ, ಉಳಿದ ತಿಂಗಳು ಅದರಲ್ಲೇ ನಡೆಯುತ್ತದೆ. ಹಾಸ್ಟೆಲಿನಲ್ಲಿ ಪ್ರತಿ ತಿಂಗಳೂ ಖರ್ಚು. ತಿಂಗಳ ದುಡ್ಡು ಬಂದ ದಿನವೇ ಮೆಸ್ ಬಿಲ್ಲು ಮತ್ತು ಊರಿಗೆ ಹೋಗುವ ಬಸ್ ಚಾರ್ಜು ಎತ್ತಿಟ್ಟುಬಿಡಿ. ಉಳಿದದ್ದನ್ನು ನಾಲ್ಕು ವಾರಕ್ಕೆ ಭಾಗ ಮಾಡಿ. ಫೋನಿನಲ್ಲಿ ಸ್ಕ್ಯಾನ್ ಮಾಡಿ ಕೊಡುವಾಗ ದುಡ್ಡು ಹೋಗಿದ್ದೇ ಗೊತ್ತಾಗುವುದಿಲ್ಲ, ಹಾಗಾಗಿ ವಾರದ ದುಡ್ಡನ್ನು ನೋಟಿನಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು. ಸಾಲ ಕೊಟ್ಟಿದ್ದು, ತಂದಿದ್ದು ಬರೆದಿಡಿ.

9. ಫೋನು, ಓದು

ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಅಂಗಳದಾಚೆಯ ಹುಣಸೆಮರದ ಹತ್ತಿರ ಮಾತ್ರ. ಓದುವಾಗ ಫೋನು ತಾನಾಗಿಯೇ ದೂರ ಇರುತ್ತಿತ್ತು. ಹಾಸ್ಟೆಲಿನಲ್ಲಿ ಮಲಗಿದಲ್ಲೇ ಪೂರ್ತಿ ನೆಟ್‌ವರ್ಕ್. ಬೇಡ ಅನ್ನುವವರೂ ಇಲ್ಲ. ಮೊದಲ ಸೆಮಿಸ್ಟರಿನಲ್ಲಿ ಬಹಳ ಮಕ್ಕಳು ಜಾರುವುದು ಇಲ್ಲೇ. ರಾತ್ರಿ ಎಂಟರಿಂದ ಹತ್ತರವರೆಗೆ ಫೋನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ. ರೂಮಿನಲ್ಲಿ ಗಲಾಟೆ ಜಾಸ್ತಿ ಅನ್ನಿಸಿದರೆ ಕಾಲೇಜು ಮುಗಿದ ಕೂಡಲೇ ಲೈಬ್ರರಿಯಲ್ಲಿ ಒಂದೂವರೆ ಗಂಟೆ ಕೂತು ಬನ್ನಿ.

ಮನೆಗೆ ಫೋನ್ ಮಾಡುವ ಹೊತ್ತನ್ನು ಗೊತ್ತು ಮಾಡಿಕೊಳ್ಳಿ. ನಾನು ಮಾಡುತ್ತಿದ್ದುದು ಸಂಜೆ ಏಳಕ್ಕೆ. ಅಮ್ಮ ಛತ್ರಿ ಹಿಡಿದು ಆ ಹುಣಸೆಮರದ ಕೆಳಗೆ ಬಂದು ನಿಲ್ಲುತ್ತಿದ್ದಳು. ಒಂದು ದಿನ ಗೆಳತಿಯರ ಜೊತೆ ಗಾಂಧಿ ಬಜಾರಿಗೆ ಹೋಗಿ ಮರೆತೆ. ಎಂಟೂವರೆಗೆ ಮಾಡಿದರೂ ಮೊದಲ ರಿಂಗಿಗೇ ಎತ್ತಿದಳು. ಅಲ್ಲಿಯವರೆಗೆ ಮಳೆಯಲ್ಲಿ ಅಲ್ಲೇ ನಿಂತಿದ್ದಳು. ತಡವಾಗುತ್ತದೆ ಅಂತ ಗೊತ್ತಾದರೆ ಮೊದಲೇ ತಿಳಿಸಿ.

10. ಹುಷಾರಿಲ್ಲದಾಗ

ಮೊದಲ ವರ್ಷ ಶ್ರಾವಣದಲ್ಲಿ ನನಗೆ ಜ್ವರ ಬಂತು. ಹೇಳಲಿಲ್ಲ. ಮನೆಯಲ್ಲಾದರೆ ಕೇಳುತ್ತಿದ್ದರು, ಕಷಾಯ ಬರುತ್ತಿತ್ತು. ಇಲ್ಲೂ ಯಾರಾದರೂ ಕೇಳಿಯಾರು ಅಂತ ಕಂಬಳಿ ಹೊದ್ದು ಕಾದೆ. ರೂಮಿನವರು ಬೆಳಗ್ಗೆ ಹೋದರು, ಸಂಜೆ ಬಂದರು, ಮಲಗಿದ್ದಾಳೆ ಅಂತ ಸುಮ್ನೆ ಇದ್ದರು. ಎರಡನೇ ರಾತ್ರಿ ನೀರು ಕುಡಿಯಲು ಎದ್ದು ತಲೆ ಸುತ್ತಿ ಕೂತುಬಿಟ್ಟೆ. ಆಗ ಚನ್ನಗಿರಿಯವಳು ಹಣೆ ಮುಟ್ಟಿ ನೋಡಿ, ಗಾಬರಿಯಾಗಿ ವಾರ್ಡನ್ನರನ್ನು ಎಬ್ಬಿಸಿದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಒಂದು ದಿನ ನನ್ನ ಜೊತೆ ಮಾತಾಡಲಿಲ್ಲ. "ಪಕ್ಕದಲ್ಲೇ ಮಲಗಿದ್ದೆ, ಒಂದು ಮಾತು ಹೇಳ್ಬಾರ್ದಿತ್ತಾ?" ಅಂದಳು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಹಾಗಾಗಿ, ಮೈ ಬಿಸಿ ಅನ್ನಿಸಿದ ಕೂಡಲೇ ರೂಮಿನ ಒಬ್ಬರಿಗಾದರೂ ಹೇಳಿ. ಥರ್ಮಾಮೀಟರು, ಪ್ಯಾರಾಸಿಟಮಾಲ್, ಓಆರ್‌ಎಸ್ ಪೊಟ್ಟಣ ಒಂದು ಡಬ್ಬಿಯಲ್ಲಿರಲಿ. ಜ್ವರ ಎರಡನೇ ದಿನಕ್ಕೂ ಇಳಿಯದಿದ್ದರೆ ಆಸ್ಪತ್ರೆಗೆ ಹೋಗಿ. ಮಳೆಗಾಲದಲ್ಲಿ ಡೆಂಗಿ ಇರುತ್ತದೆ, ತಡ ಮಾಡಬಾರದು. ನಿಮ್ಮ ರಕ್ತದ ಗುಂಪು, ಯಾವ ಔಷಧ ಆಗುವುದಿಲ್ಲ ಅನ್ನುವುದು ರೂಮಿನವರಿಗೆ ಗೊತ್ತಿರಲಿ.

ಮನಸ್ಸಿನ ಕಾಯಿಲೆಯೂ ಇಷ್ಟೇ. ವಾರಗಟ್ಟಲೆ ಊಟ ಸೇರದೆ, ನಿದ್ದೆ ಬಾರದೆ, ಯಾರ ಜೊತೆಗೂ ಮಾತು ಬೇಡ ಅನ್ನಿಸಿದರೆ ಅದನ್ನು ಮನೆ ನೆನಪು ಅಂತ ತಳ್ಳಿಹಾಕಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

11. ಊರಿಗೆ ಹೋಗಿ ಬರುವುದು

ಸಾಗರದ ಕಡೆಯವರಿಗೆ ತಾಳಗುಪ್ಪದ ರೈಲಿದೆ. ಕುಂಸಿ, ಆನಂದಪುರ, ಸಾಗರದ ಜಂಬಗಾರು ನಿಲ್ದಾಣ. ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಬಸ್ಸೇ ಗತಿ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ, ಆದರೆ ನಮ್ಮ ಕಡೆ ಓಡುವುದು ಖಾಸಗಿ ಬಸ್ಸುಗಳೇ ಜಾಸ್ತಿ. ಕೈಯಲ್ಲಿ ಚಾರ್ಜಿನ ದುಡ್ಡು ಇರಲೇಬೇಕು. ಕಂಡಕ್ಟರುಗಳ ಪರಿಚಯ ಮಾಡಿಕೊಳ್ಳಿ. ಮನೆಯಿಂದ ಡಬ್ಬಿ, ಮರೆತ ಪುಸ್ತಕ, ಎಲ್ಲ ಅವರ ಕೈಯಲ್ಲೇ ಬರುವುದು. ಬಸ್ಸು ಆಯನೂರು ದಾಟಿತು ಅಂತ ಗೊತ್ತಾದ ಕೂಡಲೇ ಸ್ಟ್ಯಾಂಡಿಗೆ ಹೊರಡಿ, ಅವರನ್ನು ಕಾಯಿಸಬೇಡಿ.

ಅಪ್ಪ ಅಮ್ಮಂದಿರಿಗೂ ಒಂದು ಕೋರಿಕೆ. ಅಡಿಕೆಯ ಕೊನೆಕೊಯ್ಲಿಗೆ ಆಳು ಸಿಗಲಿಲ್ಲ ಅಂತ ಮಕ್ಕಳನ್ನು ವಾರಗಟ್ಟಲೆ ಕರೆಸಿಕೊಳ್ಳಬೇಡಿ. ಪದವಿಯಲ್ಲಿ ಸಾಮಾನ್ಯವಾಗಿ ಶೇ. 75 ಹಾಜರಿ ಬೇಕು, ಎಂಜಿನಿಯರಿಂಗಿನಲ್ಲಿ ಅದಕ್ಕಿಂತ ಜಾಸ್ತಿ. ಕಡಿಮೆಯಾದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಭೂಮಿ ಹುಣ್ಣಿಮೆಗೆ ಬರಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಎಷ್ಟೋ ಸಲ ಇಂಟರ್ನಲ್ ಪರೀಕ್ಷೆ ಅದೇ ವಾರ ಬೀಳುತ್ತದೆ. ಅಂಥ ಹಬ್ಬಕ್ಕೆ ಕಡುಬು ಕಟ್ಟಿ ಬೆಳಗಿನ ಬಸ್ಸಿಗೆ ಕೊಟ್ಟು ಕಳಿಸಿ, ಮಧ್ಯಾಹ್ನಕ್ಕೆ ಕೈ ಸೇರುತ್ತದೆ. ನಾಲ್ಕು ಜನಕ್ಕೆ ಆಗುವಷ್ಟು ಕಳಿಸಿ.

ವಾಪಸ್ ಬರುವಾಗ ಭಾನುವಾರದ ಕೊನೇ ಬಸ್ಸನ್ನು ನಂಬಬೇಡಿ. ಮಳೆಗಾಲದಲ್ಲಿ ಮರ ಬಿದ್ದರೆ ಅರ್ಧ ದಾರಿಯಲ್ಲೇ ನಿಲ್ಲುತ್ತದೆ, ಅಷ್ಟರಲ್ಲಿ ಹಾಸ್ಟೆಲಿನ ಗೇಟು ಮುಚ್ಚಿರುತ್ತದೆ. ಅದರ ಹಿಂದಿನ ಬಸ್ಸಿಗೆ ಹೊರಡಿ. ತೊಳೆದಿಟ್ಟ ಖಾಲಿ ಬಾಟಲಿಯನ್ನು ಊರಿಗೆ ಹೋಗುವಾಗಲೇ ನೆನಪಿನಿಂದ ಒಯ್ದಿದ್ದರೆ, ಈ ಸಲದ ಉಪ್ಪಿನಕಾಯಿ ಅದರಲ್ಲೇ ತುಂಬಿಕೊಂಡು ಬರಬಹುದು.